ಕೈ ಕಟ್ಟಬಾರದು

ನಮ್ಮ ಅಪ್ಪನಿಗೆ ಸಾಯುವುದರ ಹೆದರಿಕೆ ಅಷ್ಟೇನೂ ಇರಲಿಲ್ಲ. ಗಾಳಿಗೆ ದೋಣಿ ಮಗುಚಿ, ಉಪ್ಪುನೀರು ಕುಡಿದು, ಈಜಿ ದಡ ಸೇರಿದವನು. ಅವನಿಗಿದ್ದ ಹೆದರಿಕೆ ಒಂದೇ: ಆಸ್ಪತ್ರೆಯಲ್ಲಿ ತನ್ನ ಕೈ ಕಟ್ಟಿಹಾಕುತ್ತಾರೆ ಎಂಬುದು.

ಅದು ಆಯಿಯಿಂದ, ಅಂದರೆ ನಮ್ಮ ಅಮ್ಮನಿಂದ, ಬಂದ ಹೆದರಿಕೆ. ನೌಕಾನೆಲೆಗೆಂದು ಸರ್ಕಾರ ಜಾಗ ತೆಗೆದುಕೊಂಡಾಗ ಅರ್ಗಾದ ಮನೆ ಬಿಟ್ಟು ಅಮದಳ್ಳಿ ಕಡೆಯ ಕಾಲನಿಗೆ ಬಂದ ಮರುವರ್ಷವೇ ಆಯಿಗೆ ಶ್ವಾಸಕೋಶದಲ್ಲಿ ನೀರು ತುಂಬಿತು. ದೂರದ ಊರಿನ ಆಸ್ಪತ್ರೆಗೆ ಒಯ್ದೆವು. ಗಂಟಲಿಗೆ ಪೈಪು ಇಳಿಸಿ ಉಸಿರಿನ ಮಶೀನಿಗೆ ಹಾಕಿದರು. ಎಚ್ಚರವಾದಾಗ ರೋಗಿ ಪೈಪು ಕಿತ್ತುಕೊಳ್ಳಬಾರದೆಂದು ಎರಡೂ ಕೈಗಳನ್ನು ಮೆತ್ತನೆಯ ಬಟ್ಟೆಯಿಂದ ಮಂಚಕ್ಕೆ ಕಟ್ಟಿದ್ದರು. ಅವರದು ತಪ್ಪೇನಲ್ಲ, ಅಲ್ಲಿಯ ರೂಢಿಯೇ ಅದು. ಆದರೆ ಒಳಗೆ ಬಿಟ್ಟ ಹೊತ್ತಿನಲ್ಲಿ ಅಪ್ಪ ಹೋಗಿ ನಿಂತರೆ ಆಯಿಗೆ ಎಚ್ಚರವಿತ್ತು. ಬಾಯಲ್ಲಿ ಪೈಪು, ಮಾತಿಲ್ಲ. ಬಲಗೈಯ ಬೆರಳುಗಳನ್ನು ಮೇಲೆ ಮೇಲೆ ಎತ್ತುತ್ತಿದ್ದಳು. ನೀರು ಬೇಕಾ ಅಂತ ಅಪ್ಪ ಕೇಳಿದ. ಅಲ್ಲವೆಂದು ತಲೆ ಅಲ್ಲಾಡಿತು. ಮಗಳನ್ನು ಕರೆಯಲಾ? ಅಲ್ಲ. ಮನೆಯಲ್ಲಿ ಏನಾದರೂ ಬಿಟ್ಟು ಬಂದಿದ್ದೀಯಾ? ಅಲ್ಲ. ಹೊತ್ತು ಮುಗಿಯಿತೆಂದು ಅಪ್ಪನನ್ನು ಹೊರಗೆ ಕಳಿಸಿದರು. ಆಯಿ ಆ ಮಂಚದಿಂದ ಏಳಲಿಲ್ಲ.

ಆಮೇಲೆ ವರ್ಷಗಟ್ಟಲೆ ಅಪ್ಪ ಅದನ್ನೇ ಹೇಳಿದ. ಊಟಕ್ಕೆ ಕೂತಾಗ, ಬಲೆಯ ಕಣ್ಣು ಹೊಲಿಯುವಾಗ, ಒಮ್ಮೊಮ್ಮೆ ಯಾವ ಮಾತಿಗೂ ಸಂಬಂಧವಿಲ್ಲದೆ. "ಅವಳಿಗೆ ಎಂತದೋ ಹೇಳೂದಿತ್ತು. ಕೈ ಬಿಟ್ಟಿದ್ರೆ ಹೇಳ್ತಿತ್ತು." ನಾವು ಏನು ಸಮಾಧಾನ ಹೇಳಿದರೂ ಅದು ಕಲ್ಲಿನ ಮೇಲೆ ನೀರು ಸುರಿದಂತೆ.

ಬೀಡಿಯ ಉಪಕಾರದಿಂದ ಅಪ್ಪನ ಎದೆಯೂ ಕೆಟ್ಟಿತ್ತು. ಒಂದು ಮಳೆಗಾಲ ಕಾರವಾರದ ಡಾಕ್ಟರು, "ಈ ಸಲ ಔಷಧಿಗೆ ಬಗ್ಗಿತು. ಇನ್ನೊಮ್ಮೆ ಹೀಗಾದರೆ ಮಶೀನು ಬೇಕಾದೀತು" ಅಂದರು. ಅಪ್ಪ ಅಲ್ಲಿಂದ ಮನೆಗೆ ಹೋಗಲಿಲ್ಲ. ಸೀದಾ ಬಸ್ಸು ಹತ್ತಿ ಅಂಕೋಲೆಗೆ, ನನ್ನ ಮನೆಗೆ ಬಂದ. ನಾನು ಅಲ್ಲಿ ಪ್ರಾಥಮಿಕ ಶಾಲೆಯ ಅಕ್ಕೋರು, ಅಂದರೆ ಮಾಸ್ತರಿಣಿ. ಶನಿವಾರ, ಬೆಳಗಿನ ಶಾಲೆ ಮುಗಿಸಿ ಬಂದು ಬಂಗಡೆ ತೊಳೆಯುತ್ತಿದ್ದೆ.

"ಒಂದು ಕಾಗದ ಮಾಡಿಸ್ಬೇಕು. ವಕೀಲ್ರ ಹತ್ರ" ಅಂದ.

"ಆಸ್ತಿದಾ? ಇರೂ ಒಂದು ಮನೆಗೆ ಎಂತ ಕಾಗದ ಅಪ್ಪಾ?"

"ಆಸ್ತಿದಲ್ಲ. ನಂದು." ಚಹ ಕುಡಿದು ಲೋಟ ಕೆಳಗಿಟ್ಟ. "ನಂಗೆ ಮಾತು ಬರ್ದೇ ಇದ್ದಾಗ ನಂಗೆ ಎಂತ ಮಾಡ್ಬೇಕು, ಎಂತ ಮಾಡುಕಾಗ ಅಂತ. ಏಳ್ತೆ ಅಂತ ಆಸೆ ಇದ್ರೆ ಮಶೀನಿಗೆ ಹಾಕ್ಲಿ, ನಾ ಬ್ಯಾಡ ಅನ್ನೂದಿಲ್ಲ. ಆಸೆ ಇಲ್ಲ ಅಂದ್ರೆ ತೆಗ್ದು ಮನೆಗೆ ತರ್ಬೇಕು. ಆದ್ರೆ ಎರಡ್ರಲ್ಲೂ ಕೈ ಮಾತ್ರ ಕಟ್ಟುಕಾಗ."

ಹೊರದೇಶಗಳಲ್ಲಿ ಜನ ಇಂಥದ್ದನ್ನು ಮೊದಲೇ ಬರೆದಿಡುತ್ತಾರೆಂದು ಯಾವುದೋ ವಾರಪತ್ರಿಕೆಯಲ್ಲಿ ನಾನು ಓದಿದ್ದೆ. ಓದಿದವಳು ನಾನು, ಓದದೆಯೇ ಅಲ್ಲಿಗೆ ತಲುಪಿದವನು ಅಪ್ಪ. ಮೀನಿನ ಕೈ ತೊಳೆದುಕೊಂಡು ಬಂದು ಪೆನ್ನು ಹಿಡಿದೆ. ನನಗೆ ಮಾತು ಬಾರದಾಗ ನನ್ನ ಪರವಾಗಿ ಹೇಳುವವರು ಇಂಥವರು ಎಂದು ಒಂದು ಹೆಸರು ಬೇಕಲ್ಲ, ಅಲ್ಲಿ ಖಾಲಿ ಬಿಟ್ಟೆ. ಕೇಳುವ ಅಗತ್ಯವೇ ಕಾಣಲಿಲ್ಲ. ಡಾಕ್ಟರರ ಜೊತೆ ಮಾತಾಡುವವಳು ನಾನು, ಔಷಧಿ ಚೀಟಿ ಓದುವವಳು ನಾನು. ಅಣ್ಣ? ಅಣ್ಣ ಬೈತಖೋಲದ ಬಂದರಿನಲ್ಲಿ ಟ್ರಾಲರಿಗೆ ಹೋಗುವವನು; ಡಾಕ್ಟರರ ಜೊತೆ ಇರಲಿ, ಬಸ್ಸಿನ ಕಂಡಕ್ಟರನ ಜೊತೆಗೂ ಜಗಳವಿಲ್ಲದೆ ಮಾತು ಮುಗಿಸಿದ್ದು ನಾ ಕಂಡಿಲ್ಲ.

ಇಂಥ ಕಾಗದಕ್ಕೆ ಸುಪ್ರೀಂ ಕೋರ್ಟು ಒಪ್ಪಿಗೆ ಕೊಡುವುದಕ್ಕೂ ಮೊದಲಿನ ಕಾಲ ಅದು. ಕಾರವಾರದ ವಕೀಲರು ಒಳ್ಳೆಯವರು. ಎಲ್ಲ ಕೇಳಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅಕ್ಕೋರೆ, ಇಂಥದ್ದಕ್ಕೆ ನಮ್ಮಲ್ಲಿ ಇನ್ನೂ ಕಾಯ್ದೆ ಇಲ್ಲ. ಇದನ್ನ ನೋಡಿ ಡಾಕ್ಟರು ಹಾಗೇ ನಡೀಬೇಕು ಅಂತ ಒತ್ತಾಯ ಇಲ್ಲ. ಆದರೆ ಇವರ ಮನಸ್ಸಿನಲ್ಲಿ ಏನಿತ್ತು ಅಂತ ನಾಳೆ ಯಾರಿಗೂ ಸಂಶಯ ಬರೂದಿಲ್ಲ. ಅಷ್ಟು ಸಾಕಾದರೆ ಬರೆಯುವ." ಅಪ್ಪ ಸಾಕು ಅಂದ. ಮುಂದಿನ ಸೋಮವಾರ ಇಬ್ಬರು ಸಾಕ್ಷಿದಾರರನ್ನು ಕರೆದುಕೊಂಡು ಬನ್ನಿ ಎಂದು ಹೇಳಿ ಕಳಿಸಿದರು.

ಇಲ್ಲಿ ನಮ್ಮವರ ಒಂದು ಪದ್ಧತಿ ಹೇಳಬೇಕು. ಅಪ್ಪ ರಂಪಣಿಯ ತಾಂಡೇಲನಾಗಿದ್ದವನು. ರಂಪಣಿ ಎಂದರೆ ದಡದಿಂದಲೇ ಎಳೆಯುವ ದೊಡ್ಡ ಬಲೆ. ದೋಣಿಯಲ್ಲಿ ಒಯ್ದು ಸುತ್ತು ಬಿಟ್ಟು, ಎರಡು ತುದಿಯ ಹಗ್ಗ ಹಿಡಿದು ಕೇರಿಗೆ ಕೇರಿಯೇ ಎಳೆಯಬೇಕು. ಯಾವಾಗ ಬಿಡುವುದು, ಯಾವಾಗ ಎಳೆಯುವುದು ಎಂದು ಹೇಳುವವನು ತಾಂಡೇಲ. ಅವನಿಗೆ ಜ್ವರ ಬಂದರೆ ಮನೆಯಲ್ಲಿ ಮಲಗಿ ಇನ್ನೊಬ್ಬನ ಕಿವಿಯಲ್ಲಿ ಹೇಳಿ ಕಳಿಸಿದರೆ ನಡೆಯುವುದಿಲ್ಲ. ಕಂಬಳಿ ಹೊದ್ದುಕೊಂಡಾದರೂ ದಡಕ್ಕೆ ಬಂದು, ಪಾಲುದಾರರೆಲ್ಲರ ಎದುರು, "ಇವತ್ತು ಇವನ ಮಾತು ನನ್ನ ಮಾತು" ಎನ್ನಬೇಕು. ಹತ್ತು ಜನರ ಕಿವಿಗೆ ಬೀಳದ ಮಾತು ಮಾತೇ ಅಲ್ಲ.

ಹಾಗಾಗಿ ಅಪ್ಪ ಇಬ್ಬರನ್ನು ಕರೆಯುವ ಬದಲು ಕಾಲನಿಯ ಚಹದಂಗಡಿಯಲ್ಲಿ ಕೂತು, "ಸೋಮವಾರ ಕಾರವಾರಕ್ಕೆ ವಕೀಲ್ರ ಹತ್ರ ಕಾಗದ ಮಾಡಿಸುಕೆ ಹೋತೆ. ನೀವೂ ಬರ್ಬೇಕು" ಎಂದು ಹೇಳಿಬಿಟ್ಟ. ಏನು ಕಾಗದ ಅಂತ ಹೇಳಲಿಲ್ಲ. ಚಹದಂಗಡಿಯಲ್ಲಿ ಸಾವಿನ ಮಾತು ಯಾಕೆ ಅಂತಲೋ ಏನೋ.

ಊರು ಬಿಟ್ಟು ಬಂದವರ ಕಾಲನಿ ಅದು. ಅಲ್ಲಿ ವಕೀಲರು, ಕಾಗದ ಅಂದರೆ ಜನರಿಗೆ ನೆನಪಾಗುವುದು ಒಂದೇ, ಸರ್ಕಾರದ ಪರಿಹಾರ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರು ಎಲ್ಲ ಕಡೆಯೂ ಇರುತ್ತಾರೆ. ತಾಂಡೇಲ ಸುಮ್ಮನೆ ಹೋಗುವವನಲ್ಲ, ನೆಲೆ ಕಳಕೊಂಡವರ ಮಕ್ಕಳಿಗೆ ನೌಕರಿ ಕೊಡುತ್ತಾರಂತೆ, ಅದಕ್ಕೇ ಅರ್ಜಿಯಂತೆ ಎಂದು ಸುದ್ದಿ ಸಂಜೆಯೊಳಗೆ ಮನೆಮನೆಗೆ ಮುಟ್ಟಿತು.

ಸೋಮವಾರ ನಾನು ಅಂಕೋಲೆಯಿಂದ ಬಸ್ಸಿನಲ್ಲಿ ಬಂದು ಇಳಿದು ನೋಡಿದರೆ ವಕೀಲರ ಜಗಲಿಯ ಮೇಲೆ ಕಾಲಿಡಲು ಜಾಗವಿಲ್ಲ. ಎರಡು ಟೆಂಪೋ ಭರ್ತಿ ಜನ. ಎಲ್ಲರ ಕೈಯಲ್ಲೂ ಪ್ಲಾಸ್ಟಿಕ್ ಚೀಲ, ಚೀಲದೊಳಗೆ ರೇಷನ್ ಕಾರ್ಡಿನ ಝೆರಾಕ್ಸು, ಶಾಲೆ ದಾಖಲೆ, ಫೋಟೋ. ಮೀನು ಮಾರುವ ನಮ್ಮ ಅತ್ತೆಯೊಬ್ಬಳು, ಅಪ್ಪನ ದೊಡ್ಡಪ್ಪನ ಮಗಳು, ಮೊಮ್ಮಗನಿಗೆ ಇಸ್ತ್ರಿ ಅಂಗಿ ಹಾಕಿಸಿಕೊಂಡು ಬಂದಿದ್ದಳು, ಅಲ್ಲೇ ಸಂದರ್ಶನ ಆಗುತ್ತದೇನೋ ಎಂಬಂತೆ. ವಕೀಲರು ಬಾಗಿಲಲ್ಲಿ ನಿಂತು ಬೆವರು ಒರೆಸಿಕೊಳ್ಳುತ್ತಿದ್ದರು. ಅಪ್ಪ ಮಾತ್ರ ಬೆಂಚಿನ ಮೇಲೆ ಆರಾಮವಾಗಿ ಕೂತಿದ್ದ. ಇಷ್ಟು ಜನ ತನ್ನ ಮೇಲಿನ ಪ್ರೀತಿಗೆ ಬಂದಿದ್ದಾರೆ ಎಂದು ತಿಳಿದಿದ್ದ, ಪಾಪ.

ಅತ್ತೆ ಚೀಲದಿಂದ ತನ್ನ ಫೋಟೋ ಹೊರತೆಗೆದು ಅಪ್ಪನ ಕೈಗೆ ಕೊಟ್ಟು, "ಇದು ಎಲ್ಲಿ ಅಂಟಿಸೂದು?" ಅಂದಾಗ ವಿಷಯ ಬಯಲಾಯಿತು. ಅಪ್ಪ ಎದ್ದು ನಿಂತ. ದಡದ ಮೇಲೆ ಕೂಗುವಾಗಿನ ದನಿ, ದಮ್ಮು ಇರದಿದ್ದರೂ.

"ನೌಕರಿದೂ ಅಲ್ಲ, ಎಂತದೂ ಅಲ್ಲ. ನಾ ಸಾಯೂಕೆ ಬಿದ್ದಾಗ ಎಂತ ಮಾಡ್ಬೇಕು ಅಂತ ಕಾಗದ. ನಿಮ್ಮೆದ್ರು ಹೇಳ್ವ ಅಂತ ಕರ್ದೆ."

ನನಗೆ ನಗು ಬಂತು, ನಾಚಿಕೆಯೂ ಆಯಿತು. ಕೆಲಸ ಬಿಟ್ಟು, ಬಾಡಿಗೆ ಕೊಟ್ಟು ಬಂದವರು, ಈಗ ಬೈದು ಎದ್ದು ಹೋಗುತ್ತಾರೆ ಅಂದುಕೊಂಡೆ. ಅತ್ತೆ ಫೋಟೋವನ್ನು ವಾಪಸು ಚೀಲಕ್ಕೆ ಹಾಕಿದಳು. ಸೆರಗು ಸರಿಮಾಡಿಕೊಂಡು ನೆಲದ ಮೇಲೆ ಚಕ್ಕಳಮಕ್ಕಳ ಕೂತಳು.

"ಬಂದದ್ದಂತೂ ಆಯ್ತು. ಓದಿ ಹೇಳಿ ವಕೀಲ್ರೆ, ಎಂತ ಬರ್ದೀರಿ ನೋಡುವ."

ಒಬ್ಬರೂ ಎದ್ದು ಹೋಗಲಿಲ್ಲ. ವಕೀಲರು ಓದಿದರು. ಅಷ್ಟೇ ಆಗಿದ್ದರೆ ಚೆನ್ನಾಗಿತ್ತು, ಆದರೆ ನಮ್ಮವರು ಸುಮ್ಮನೆ ಕೇಳುವ ಪೈಕಿಯೇ? ಆಸೆ ಇದೆಯೋ ಇಲ್ಲವೋ ಎಂದು ಹೇಳುವವರು ಯಾರು ಅಂತ ಒಬ್ಬ. ಡಾಕ್ಟರು ಅಂತ ವಕೀಲರು. ಒಬ್ಬ ಡಾಕ್ಟರು ಸಾಲದು, ಇಬ್ಬರು ಹೇಳಲಿ ಅಂತ ಇನ್ನೊಬ್ಬ. ಅದು ನ್ಯಾಯವಾದ ಮಾತು ಎಂದು ವಕೀಲರು ಬರೆದುಕೊಂಡರು. ಮನೆಗೆ ತಂದ ಮೇಲೆ ಬಾಯಿಗೆ ಮೀನಸಾರಿನ ತಿಳಿ ಹಾಕಬೇಕು ಅಂತ ಬರೆಯಿರಿ ಎಂದು ಅತ್ತೆ. "ಅದನ್ನ ಕಾಗದದಲ್ಲಿ ಬರೀಬೇಕಾ ಬಾಯಿ?" ಅಂತ ವಕೀಲರು ಕೇಳಿದರೆ, "ಬರೀದಿದ್ರೆ ಈ ಅಕ್ಕೋರು ಗಂಜಿ ಕೊಡ್ತು" ಎಂದು ನನ್ನ ಕಡೆ ಗಲ್ಲ ತೋರಿಸಿದಳು. ಅದೂ ಸೇರಿತು.

ಆಮೇಲೆ ಖಾಲಿ ಬಿಟ್ಟ ಜಾಗ ಬಂತು. ಇವರಿಗೆ ಮಾತು ಬಾರದಾಗ ಇವರ ಪರವಾಗಿ ಹೇಳುವವರು ಯಾರು ಎಂದು ವಕೀಲರು ಕೇಳಿದರು. ನಾನು ಸೀರೆಯ ನೆರಿಗೆ ಸರಿಮಾಡಿಕೊಂಡು ಒಂದು ಹೆಜ್ಜೆ ಮುಂದೆ ಬಂದೆ.

"ಮಗ" ಅಂದ ಅಪ್ಪ.

ಅಣ್ಣ ಬಾಗಿಲಿನ ಹತ್ತಿರ ನಿಂತಿದ್ದ. ಅಲ್ಲಿಂದಲೇ ಕೂಗಿದ. "ನಾ ಒಲ್ಲೆ. ಮಶೀನು ತೆಗೀರಿ ಅಂತ ನಾ ಹೇಳ್ಬೇಕಾ? ನನ್ ಬಾಯಲ್ಲಿ ಬತ್ತದಾ ಅದು? ತಂಗಿ ಅದೆ, ಅವಳ ಹೆಸ್ರು ಬರ್ಸು."

"ನಿನ್ ಹೆಸ್ರೇ."

ನನ್ನ ಹೊಟ್ಟೆ ಉರಿದು ಹೋಯಿತು. ಸುಳ್ಳು ಯಾಕೆ ಹೇಳಲಿ? ಬಸ್ಸಿನ ಧೂಳು ತಿಂದು ಓಡಾಡಿದವಳು ನಾನು, ಮಾತು ಕೊಡುವಾಗ ಗಂಡುಮಗ. ಎಲ್ಲರ ಎದುರಿಗೇ ಕೇಳಿಬಿಟ್ಟೆ, "ನಾ ಹೆಣ್ಣು ಅಂತ ಅಲ್ದಾ ಅಪ್ಪಾ?"

ಅಪ್ಪ ನನ್ನನ್ನು ನೋಡಲಿಲ್ಲ, ಜನರನ್ನು ನೋಡಿದ. "ಪಾಲು ಹಂಚೂಕೆ ನಾವು ಯಾರನ್ನ ಕೂರಿಸ್ತಿದ್ವಿ?"

ಮುದುಕರೊಬ್ಬರು ಪಕ್ಕನೆ ನಕ್ಕರು. "ಹೆಚ್ಚು ಕುಂಯ್‌ಗುಡೂನ್ನ."

ನನಗೂ ಗೊತ್ತಿದ್ದ ಸಂಗತಿಯೇ. ಬಲೆ ದಡಕ್ಕೆ ಬಂದು ಮೀನು ರಾಶಿ ಬಿದ್ದ ಮೇಲೆ ಪಾಲು ಹಂಚುವ ಕೆಲಸ. ನನಗೆ ಸಣ್ಣದು ಬಂತು, ಅವನಿಗೆ ದೊಡ್ಡದು ಹೋಯಿತು ಎಂದು ದಿನಾ ತಕರಾರು ಮಾಡುವವನು ಯಾರೋ ಅವನನ್ನೇ ಹಂಚಲು ಕೂರಿಸುವುದು ನಮ್ಮ ದಡದ ಪದ್ಧತಿ. ತನ್ನ ಪಾಲು ಅವನು ಕೊನೆಗೆ ತೆಗೆದುಕೊಳ್ಳಬೇಕು. ಹಾಗೆ ಕೂತವನು ಅದುವರೆಗೆ ಯಾರೂ ಹಂಚದಷ್ಟು ಸರಿಯಾಗಿ ಹಂಚುತ್ತಾನೆ. ಹೊರಗೆ ನಿಂತರೆ ಅವನೇ ಎಲ್ಲರ ಕೆಲಸ ಕೆಡಿಸುವವನು.

"ಮಗಳು ಒಪ್ಪಿದ್ದಾಳೆ" ಅಂದ ಅಪ್ಪ. "ಅವಳ ಹೆಸ್ರು ಬರ್ಸಿದ್ರೆ ಇಂವ ಆಸ್ಪತ್ರೆ ಬಾಗ್ಲಲ್ಲಿ ಅವಳ ಸಂಗ್ತಿ ಜಗಳಾಡ್ತ. ನಾ ಒಳಗೆ ಬಿದ್ದಿರ್ತೆ. ಇವನ ಕೈಗೇ ಕೊಟ್ರೆ ಜಗಳಾಡೂಕೆ ಇವನಿಗೆ ಯಾರಿದ್ರು?"

ಅಣ್ಣ ಮುಖ ಕೆಂಪು ಮಾಡಿಕೊಂಡು ಹೊರಗೆ ಹೋದ. ಯಾರೂ ಹಿಂದೆ ಹೋಗಲಿಲ್ಲ. ಸ್ವಲ್ಪ ಹೊತ್ತಿಗೆ ತಾನೇ ಬಂದು, ಎಲ್ಲಿ ಸಹಿ ಮಾಡಬೇಕು ಅಂತ ಕೇಳಿದ. ಅಪ್ಪ ಎದ್ದು, ಅವನ ಭುಜದ ಮೇಲೆ ಕೈಯಿಟ್ಟು, ದಡದ ಮೇಲೆ ಹೇಳುವ ಮಾತನ್ನೇ ಹೇಳಿದ. "ನಂಗೆ ಮಾತು ಬರ್ದ ದಿನ ಇವನ ಮಾತು ನನ್ನ ಮಾತು." ಎಲ್ಲರೂ ಹೂಂ ಅಂದರು. ನಾನೂ ಅಂದೆ, ಮುಖ ಊದಿಸಿಕೊಂಡೇ.

ಸಾಕ್ಷಿಗೆ ಇಬ್ಬರು ಸಾಕು ಎಂದು ವಕೀಲರು ಹೇಳಿದ್ದೇ ತಪ್ಪಾಯಿತು. ಅವನ ಹೆಬ್ಬೆಟ್ಟು ಬೇಕು, ನನ್ನದು ಬೇಡವಾ ಎಂದು ಎದ್ದರು. ವಕೀಲರು ಸೋತು ಇನ್ನೊಂದು ಹಾಳೆ ಲಗತ್ತಿಸಿದರು. ಅದರ ತುಂಬ ಸಹಿ, ಹೆಬ್ಬೆಟ್ಟು. ಅತ್ತೆ ತನ್ನ ಫೋಟೋ ಕೂಡ ಅಂಟಿಸಿಯೇ ಹೋದಳು, ತೆಗೆಸಿದ್ದು ದಂಡವಾಗಬಾರದಲ್ಲ.

ಕಾಗದ ಅಣ್ಣನ ಕಪಾಟು ಸೇರಿತು. ಮುಂದಿನ ಮಳೆಗಾಲ ಸುಸೂತ್ರವಾಗಿ ಕಳೆಯಿತು, ಅದರ ಮುಂದಿನದರಲ್ಲಿ ಅಪ್ಪ ಬಿದ್ದ. ಬೆಳಿಗ್ಗೆ ಉಸಿರು ಹತ್ತದೆ ತುಟಿ ನೀಲಿಯಾಗಿತ್ತಂತೆ. ಕಾರವಾರದವರು ನೋಡಿ, ದೊಡ್ಡ ಕಡೆಗೆ ಒಯ್ಯಿರಿ ಎಂದರು. ಕಾಳಿ ಸೇತುವೆ ದಾಟಿ ಗೋವಾದ ಒಂದು ಆಸ್ಪತ್ರೆಗೆ ಅಣ್ಣ ಕರೆದುಕೊಂಡು ಹೋದ. ನಾನು ಶಾಲೆಯಿಂದ ಹಾಗೇ ಹೊರಟು ಮಧ್ಯಾಹ್ನ ಮುಟ್ಟುವಾಗ ಅಣ್ಣ ಒಬ್ಬ ಹರೆಯದ ಡಾಕ್ಟರರ ಎದುರು ನಿಂತಿದ್ದ, ಕಾಗದ ಡಾಕ್ಟರರ ಕೈಯಲ್ಲಿತ್ತು. ಅವರಿಗೆ ಕನ್ನಡ ಬಾರದು. ಅಣ್ಣ ಕೊಂಕಣಿಯಲ್ಲಿ ಒಂದೊಂದೇ ಸಾಲು ಹೇಳುತ್ತಿದ್ದ. ಬೆರಳಿಟ್ಟು, ನಿಧಾನವಾಗಿ, ಜಗಳದ ಸುಳಿವೇ ಇಲ್ಲದೆ. ಎರಡನೇ ಹಾಳೆ ತಿರುವಿ ಹೆಬ್ಬೆಟ್ಟುಗಳನ್ನೂ ಅತ್ತೆಯ ಫೋಟೋವನ್ನೂ ನೋಡಿ ಡಾಕ್ಟರರು ಇವರೆಲ್ಲ ಯಾರು ಎಂದು ಕೇಳಿದರು. ಬಲೆಯವರು ಎಂದ ಅಣ್ಣ.

ಅವನು ಕೇಳಿದ್ದು ಒಂದೇ ಪ್ರಶ್ನೆ, ಏಳುತ್ತಾನಾ ಎಂದು. ಖಾತ್ರಿ ಹೇಳಲಾರೆ, ಆದರೆ ಸೋಂಕು ಇಳಿದರೆ ಮಶೀನು ಬಿಡಿಸಬಹುದು, ಆಸೆ ಇದೆ ಎಂದರು ಡಾಕ್ಟರರು. ಹಿರಿಯ ಡಾಕ್ಟರರೂ ಬಂದು ಅದನ್ನೇ ಹೇಳಿದರು. ಹಾಗಾದರೆ ಹಾಕಿ ಎಂದ ಅಣ್ಣ. ಕೈ ಕಟ್ಟುವ ಮಾತು ಬಂದಾಗ ಮಾತ್ರ ಕಲ್ಲಿನ ಹಾಗೆ ನಿಂತ. ಕಟ್ಟದಿದ್ದರೆ ಪೈಪು ಕಿತ್ತುಕೊಳ್ಳುತ್ತಾರೆ, ಜೀವಕ್ಕೇ ಅಪಾಯ ಎಂದು ನರ್ಸಮ್ಮ ಹೇಳಿದ್ದು ಸುಳ್ಳಲ್ಲ. ಅಣ್ಣ ಒಪ್ಪಲಿಲ್ಲ, ಕೂಗಲೂ ಇಲ್ಲ. "ನಾವು ಹಿಡ್ಕಂತೇವು. ನಮ್ಮವರೊಬ್ಬರು ಯಾವಾಗ್ಲೂ ಎರಡೂ ಕೈ ಹಿಡ್ಕಂಡು ಕೂತಿರ್ತ್ರು" ಅಂತ ಕೊಂಕಣಿಯಲ್ಲಿ ಹೇಳಿ, ನನಗೂ ಕನ್ನಡದಲ್ಲಿ ಇನ್ನೊಮ್ಮೆ ಹೇಳಿದ. ಒಳಗೆ ಒಬ್ಬರಿಗಿಂತ ಹೆಚ್ಚು ಬರಬಾರದು, ಕೈಕಾಲು ತೊಳೆದು ಅವರು ಕೊಟ್ಟ ಅಂಗಿ ಹಾಕಿಕೊಳ್ಳಬೇಕು, ಹಿಡಿದವರು ಬಿಟ್ಟರೆ ಆ ಕ್ಷಣ ಕಟ್ಟುತ್ತೇವೆ ಎಂದು ಡಾಕ್ಟರರು ಒಪ್ಪಿದರು.

ಮರುದಿನ ಅಮದಳ್ಳಿಯಿಂದ ಟೆಂಪೋ ಬಂತು. ಹೆಬ್ಬೆಟ್ಟು ಒತ್ತಿದವರು ಒಬ್ಬೊಬ್ಬರಾಗಿ ಇಳಿದರು. ಹಗ್ಗ ಎಳೆಯುವಾಗ ಒಬ್ಬ ಸೋತರೆ ಇನ್ನೊಬ್ಬ ಬಂದು ಹಿಡಿಯುವುದು ಅವರಿಗೆ ಅಭ್ಯಾಸವಾದದ್ದೇ. ಅತ್ತೆ ಮೀನಿನ ವಾಸನೆ ಹೋಗಲೆಂದು ಸೋಪು ತಿಕ್ಕಿ ತಿಕ್ಕಿ ಕೈ ಬಿಳಿ ಮಾಡಿಕೊಂಡು ಒಳಗೆ ಹೋದಳು. ನನ್ನ ಸರದಿ ಬಂದಾಗ ಅಪ್ಪನ ಕೈಗಳನ್ನು ನನ್ನ ಎರಡೂ ಕೈಗಳೊಳಗೆ ಇಟ್ಟುಕೊಂಡು ಕೂತೆ. ಹಗ್ಗ ಹಿಡಿದು ಜಡ್ಡುಗಟ್ಟಿದ ಅಂಗೈ. ಆಗಾಗ ಎಳೆಯುತ್ತಿತ್ತು, ನಾನು ಮೆಲ್ಲಗೆ ತಡೆಯುತ್ತಿದ್ದೆ, ಮತ್ತೆ ಸುಮ್ಮನಾಗುತ್ತಿತ್ತು. ನನ್ನ ಬದುಕಿನಲ್ಲಿ ಅಪ್ಪನ ಕೈಯನ್ನು ಅಷ್ಟು ಹೊತ್ತು ಹಿಡಿದದ್ದು ಬೇರೆ ನೆನಪಿಲ್ಲ.

ನಡುವೆ ಒಂದು ಸಂಜೆ ಸುದ್ದಿ ಕೆಟ್ಟದಾಯಿತು. ಜ್ವರ ಏರಿತ್ತು. ನಾಳೆ ನೋಡಿ ಹೇಳುತ್ತೇವೆ ಎಂದರು ಇಬ್ಬರೂ ಡಾಕ್ಟರರು. ಹೊರಗೆ ಗೂಡಂಗಡಿಯ ಹತ್ತಿರ ಅಣ್ಣ ಚಹದ ಲೋಟ ಹಿಡಿದು ಕುಡಿಯದೆ ನಿಂತಿದ್ದ.

"ನಾಳೆ ಅವ್ರು ಆಸೆ ಇಲ್ಲ ಅಂದ್ರೆ ನಾ ಮನೆಗೆ ಒಯ್ತೆ ಅಂತ ಹೇಳ್ತೆ" ಅಂದ. "ನೀ ಅಳ್ಬ್ಯಾಡ. ನೀ ಅತ್ರೆ ನನ್ ಬಾಯಲ್ಲಿ ಬರೂದಿಲ್ಲ ಅದು."

ನಾನು ಅಳಲಿಲ್ಲ. ಅವನ ಕೈಯಿಂದ ಆರಿದ ಚಹ ತೆಗೆದುಕೊಂಡು ಚೆಲ್ಲಿ ಬಿಸಿಯದು ಕೊಡಿಸಿದೆ. ಅಪ್ಪ ಅಣ್ಣನ ಹೆಸರು ಬರೆಸಿದ್ದು ಸರಿಯಾಗಿಯೇ ಇತ್ತು. ಆ ಮಾತನ್ನು ನಾನಾಗಿದ್ದರೆ ಬೇಗ ಹೇಳಿಬಿಡುತ್ತಿದ್ದೆ, ನನಗೆ ಅದು ಅಷ್ಟು ಭಾರವಿರಲಿಲ್ಲ. ಭಾರವೆಷ್ಟು ಎಂದು ಗೊತ್ತಿದ್ದವನ ಕೈಯಲ್ಲಿ ಅದಿತ್ತು.

ಮರುದಿನ ಜ್ವರ ಇಳಿಯಿತು. ಅದರ ಮರುದಿನ ಇನ್ನಷ್ಟು ಇಳಿಯಿತು. ಮಶೀನಿನ ಕೆಲಸವನ್ನು ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡುತ್ತಾ ಬಂದರು, ಅಪ್ಪನ ಎದೆ ತನ್ನ ಕೆಲಸ ತಾನು ಶುರುಮಾಡಿತು. ಆ ವಾರದ ಕೊನೆಗೆ ಒಂದು ಬೆಳಿಗ್ಗೆ ಪೈಪು ತೆಗೆದರು. ಆಗ ಅಣ್ಣನ ಸರದಿ. ನನ್ನನ್ನೂ ಒಳಗೆ ಕರೆದರು. ಅಪ್ಪ ಕಣ್ಣು ಬಿಟ್ಟು ಮೊದಲು ನನ್ನನ್ನು ನೋಡಿದ, ಆಮೇಲೆ ಅಣ್ಣನನ್ನು, ಆಮೇಲೆ ಅಣ್ಣ ಹಿಡಿದುಕೊಂಡಿದ್ದ ತನ್ನ ಕೈಗಳನ್ನು. ತುಟಿ ಅಲ್ಲಾಡಿತು. ದನಿ ಬರಲಿಲ್ಲ. ಅಣ್ಣ ಕಿವಿ ಬಾಯಿಯ ಹತ್ತಿರ ಒಯ್ದ.

"ಬಿಡೋ ಮಾರಾಯಾ" ಅಂದ ಅಪ್ಪ, ಗೊಗ್ಗರು ದನಿಯಲ್ಲಿ. "ಮೂಗು ತುರಿಸ್ತದೆ. ಎಷ್ಟೊತ್ತಿಂದ."

ಪೈಪು ತೆಗೆದಾಗಿತ್ತು, ಆದರೂ ಅಣ್ಣನಿಗೆ ಬಿಡಲು ಧೈರ್ಯ ಬರಲಿಲ್ಲ. ನರ್ಸಮ್ಮನ ಮುಖ ನೋಡಿದ. ಅವಳು ನಕ್ಕು ತಲೆಯಾಡಿಸಿದಳು. ಅಣ್ಣ ಬಿಟ್ಟ.

ಅಪ್ಪ ಬಲಗೈ ಎತ್ತಿದ. ಮೂಗಿನ ತನಕ ಒಯ್ದು, ಕಣ್ಣು ಮುಚ್ಚಿ, ಸಾವಕಾಶವಾಗಿ ತುರಿಸಿಕೊಂಡ. ಆಮೇಲೆ ಕೈ ಅಲ್ಲೇ ನಿಂತಿತು. ಏನೋ ಹೊಳೆದವನಂತೆ ನನ್ನನ್ನು ನೋಡಿದ.

"ಆಯಿಗೂ ಇದೇ ಇರ್ಬೇಕು ಕಾಣ್" ಅಂದ. "ನಾ ಇಷ್ಟು ವರ್ಷ ಎಂತೆಂತದೋ ಅಂದ್ಕಂಡೆ."

ಅವನ ಕಣ್ಣಂಚಿನಿಂದ ನೀರು ಇಳಿಯಿತು, ಬಾಯಿ ನಗುತ್ತಿತ್ತು. ನಾವು ಮೂವರೂ ನಕ್ಕೆವು, ನರ್ಸಮ್ಮ ಬೈಯುವವರೆಗೆ. ಆಯಿ ಹೋದ ಮೇಲೆ ಅವಳನ್ನು ನೆನೆದು ನಾವು ನಕ್ಕದ್ದು ಅದೇ ಮೊದಲು.